ಅತ್ತೆಯ ಕೈಗೆ ಬಂದ ಸ್ಟೇರಿಂಗ್

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ನಮ್ಮದೊಂದು ವಾಹನಗಳ ಬಿಡಿಭಾಗದ ಅಂಗಡಿ. ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುವವನು ನನ್ನ ಗಂಡ, ಹಿಂದೆ ಮಾಲು ನೋಡಿಕೊಳ್ಳುವವಳು ನಾನು. ಈಚೆಗೆ ಒಂದು ಕಂಪನಿಯವರು ಹುಬ್ಬಳ್ಳಿಯ ಹೋಟೆಲಿನಲ್ಲಿ ವ್ಯಾಪಾರಿಗಳ ಸಭೆ ಕರೆದಿದ್ದರು. ಜಗತ್ತಿನಲ್ಲಿ ಎಲೆಕ್ಟ್ರಾನಿಕ್ ಸ್ಟೇರಿಂಗಿನ ಮಾರುಕಟ್ಟೆ ಮುಂದೆ ಹೇಗಿರುತ್ತದೆ ಎಂಬುದು ಅಲ್ಲಿನ ವಿಷಯ. ಗಂಡ ಹೋದದ್ದು ಊಟದ ಆಸೆಗೆ, ತಿರುಗಿ ಬಂದದ್ದು ಜ್ಯೋತಿಷಿಯಾಗಿ.

ಅವತ್ತು ಸಂಜೆ ಊಟದ ಗಂಗಾಳವನ್ನೇ ಸ್ಟೇರಿಂಗ್ ಮಾಡಿಕೊಂಡು ನಮಗೆಲ್ಲ ಭವಿಷ್ಯ ಹೇಳಿದ. ಸ್ಟೇರಿಂಗಿಗೆ ಎಣ್ಣೆ ಹಾಕುವ ಕಾಲ ಮುಗಿಯಿತಂತೆ. ಪಂಪು, ಬೆಲ್ಟು ಯಾವುದೂ ಬೇಡವಂತೆ, ಎಲ್ಲವನ್ನೂ ಒಂದು ಸಣ್ಣ ಮೋಟಾರೇ ಮಾಡುತ್ತದಂತೆ. ಇನ್ನೂ ಮುಂದೆ ಹೋದರೆ ಸ್ಟೇರಿಂಗಿಗೂ ಗಾಲಿಗೂ ನಡುವೆ ಇರುವ ಕಬ್ಬಿಣದ ಸರಳೂ ಹೋಗಿ, ಬರೀ ವೈರು ಉಳಿಯುತ್ತದಂತೆ. ಚೀನಾದಲ್ಲಿ, ಜರ್ಮನಿಯಲ್ಲಿ, ಜಪಾನಿನಲ್ಲಿ ಎಲ್ಲರೂ ಅದೇ ದಾರಿ ಹಿಡಿದಿದ್ದಾರೆ, ನಾವು ಮಾತ್ರ ಎಣ್ಣೆ ಡಬ್ಬಿ ಪೇರಿಸಿಕೊಂಡು ಕುಳಿತಿದ್ದೇವೆ ಎಂದು ನನ್ನ ಕಡೆ ನೋಡಿದ, ಡಬ್ಬಿಗಳನ್ನು ನಾನೇ ಹಡೆದಂತೆ.

ಇದನ್ನೆಲ್ಲ ಮಾವ ಗೋಡೆಗೆ ಒರಗಿ ಕೇಳುತ್ತಿದ್ದರು. ಹಿರೇಬೆಂಡಿಗೇರಿಯ ಹೊಲಕ್ಕೆ ಅರ್ಧ ಆಯುಷ್ಯ ಹಳೆಯ ಜೀಪು ಓಡಿಸಿದವರು. ಆ ಜೀಪಿನ ಸ್ಟೇರಿಂಗ್ ತಿರುಗಿಸುವುದೆಂದರೆ ಹೋರಿಯ ಕೊಂಬು ಹಿಡಿದು ಹೊರಳಿಸಿದಂತೆ. ಗಾಡಿ ಓಡಿಸುವುದು ತೋಳಿನ ಕೆಲಸ, ಹೆಂಗಸರಿಗೆ ಆಗುವಂಥದ್ದಲ್ಲ ಎಂಬುದು ಅವರ ತೀರ್ಪು. ಮದುವೆಯಾದ ಹೊಸತರಲ್ಲಿ ಅತ್ತೆ ಒಮ್ಮೆ ಜೀಪು ಕಲಿಸಿರಿ ಎಂದು ಕೇಳಿದ್ದಕ್ಕೆ ಕೊಟ್ಟಿದ್ದ ತೀರ್ಪು ಅದು, ಇನ್ನೂ ಜಾರಿಯಲ್ಲಿತ್ತು. ಮನೆಯ ಹೊಸ ಕಾರನ್ನು ನಾನು ಓಡಿಸುತ್ತೇನಲ್ಲ ಎಂದರೆ, ಅದು ನನ್ನ ತವರಿನವರು ಮಾಡಿದ ತಪ್ಪು ಎನ್ನುತ್ತಿದ್ದರು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗನನ್ನು ಕೇಳಿದರು. "ಅದು ಎಷ್ಟು ಹಗುರ ಆಗೇತಪಾ ಈಗ?"

"ಒಂದ್ ಬೆರಳಲೆ ತಿರುಗತೈತಿ, ಯವ್ವಾ."

"ಹಂಗಾರ ನನ್ನ ಕಡೆ ಹತ್ತು ಅದಾವ."

ಮಾವ ನಕ್ಕು ನಕ್ಕು ಕೆಮ್ಮಿದರು. ಗಂಡನೂ ನಕ್ಕ. ನಾನು ನಗಲಿಲ್ಲ, ಯಾಕೆಂದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಮರುವಾರ ಅತ್ತೆಗೆ ಕಣ್ಣು ತೋರಿಸಬೇಕೆಂದು ಹೇಳಿ ಇಬ್ಬರೂ ಹಾವೇರಿಗೆ ಹೋದೆವು. ಸುಳ್ಳಲ್ಲ, ಆ ವಯಸ್ಸಿನವರಿಗೆ ಲೈಸೆನ್ಸ್ ಬೇಕಾದರೆ ಡಾಕ್ಟರು ಕಣ್ಣು ನೋಡಿಯೇ ಬರೆದುಕೊಡಬೇಕು. ಅದಾದ ಮೇಲೆ ಸವಣೂರಿಗೆ ಎಲೆ ತರಲು ಹೋಗುವುದು ಶುರುವಾಯಿತು. ಸವಣೂರಿನ ವೀಳ್ಯದೆಲೆ ಬಿಟ್ಟು ಬೇರೆ ಎಲೆ ಮಾವ ಬಾಯಿಗೆ ಹಾಕುವುದಿಲ್ಲ, ಹಾಗಾಗಿ ಬೇಡವೆನ್ನುವಂತಿರಲಿಲ್ಲ. ಹೋಗುವಾಗ ನಾನು ಓಡಿಸುತ್ತಿದ್ದೆ. ಬರುವಾಗ ಹೊಲದ ದಾರಿಗೆ ಇಳಿದು ಸೀಟು ಬದಲಾಯಿಸಿಕೊಳ್ಳುತ್ತಿದ್ದೆವು.

ನಮ್ಮ ಕಾರಿನದೂ ಮೋಟಾರಿನ ಸ್ಟೇರಿಂಗೇ, ಅದು ಅತ್ತೆಗೆ ತೊಂದರೆಯನ್ನೇ ಕೊಡಲಿಲ್ಲ. ವೈರಿಯಾದದ್ದು ಕ್ಲಚ್ಚು. ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತಾಗಲೆಲ್ಲ ಅವರು ಸೆರಗು ಸರಿಮಾಡಿಕೊಂಡು, ದನಕ್ಕೆ ಹೇಳುವ ದನಿಯಲ್ಲಿ ಕಾರಿಗೆ ಬುದ್ಧಿ ಹೇಳುತ್ತಿದ್ದರು. ಮೆಕ್ಕೆಜೋಳ ಕಿತ್ತ ಹೊಲದಲ್ಲಿ ಲೈಸೆನ್ಸ್ ಪರೀಕ್ಷೆಯ ಎಂಟರ ಆಕಾರ ಹಾಕಿದ ದಿನ ಕಾರಿನಿಂದ ಇಳಿದು, ಬಾಗಿಲು ತೆರೆದಿಟ್ಟೇ, ದಾರಿಗುಂಟ ಅತ್ತಿಂದಿತ್ತ ನಡೆದಾಡಿದರು. ಅಳುತ್ತಿದ್ದಾರೇನೋ ಅಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದರು.

ಇತ್ತ ಮನೆಯಲ್ಲಿ ಎಲೆ ಹೆಚ್ಚಾಗತೊಡಗಿತು. ಓಣಿಗೆಲ್ಲ ಹಂಚಿದರೂ ತೀರುತ್ತಿರಲಿಲ್ಲ. ಇಷ್ಟು ಎಲೆ ಯಾಕ ತರಾಕತ್ತೀರಿ ಎಂದು ಮಾವ ಕೇಳಿದರೆ, ಅಗ್ಗ ಸಿಕ್ಕಿತು ಎಂದೆವು.

ಲೈಸೆನ್ಸ್ ಕೈಗೆ ಬಂದ ಮೇಲೆ ಹಾನಗಲ್ಲಿನಲ್ಲಿ ಅತ್ತೆಯ ತಮ್ಮನ ಮಗಳ ನಿಶ್ಚಿತಾರ್ಥ ಬಂತು. ಅಂಗಡಿ ಬಿಟ್ಟು ಬರಲು ಗಂಡನಿಗೆ ಆಗಲಿಲ್ಲ. ಹೊರಡುವ ಬೆಳಿಗ್ಗೆ ನಾನು ಬಲಗೈಗೆ ಬಟ್ಟೆ ಸುತ್ತಿಕೊಂಡು, ಮಣಿಕಟ್ಟು ಉಳುಕಿದೆ ಎಂದೆ. ಅತ್ತೆ ಪಾಪ ಎಂದು ಅರಿಶಿನ ಹಚ್ಚಿದರು, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಮಾವ ಎದ್ದು ತಲೆಗೆ ಪಟಕಾ ಸುತ್ತಿಕೊಂಡು ಕೀಲಿ ತೆಗೆದುಕೊಂಡರು.

ಅವರು ಹೊಸ ಕಾರು ಮುಟ್ಟಿದ್ದು ಅದೇ ಮೊದಲು. ಅಂಗಳದಿಂದ ಹೊರಳಿಸಲು ಜೀಪಿನ ಲೆಕ್ಕದಲ್ಲಿ ಎರಡೂ ತೋಳು ಬಿಗಿದು ಸ್ಟೇರಿಂಗ್ ಎಳೆದರು. ಅದೋ ಎಳೆದಷ್ಟೂ ಹೋಯಿತು. ಕಾರು ಗರ್ರನೆ ಹೊರಳಿ ಪಕ್ಕದವರ ಜೋಳದ ಸೊಪ್ಪೆಯ ಬಣವೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಣವೆಯ ಮೇಲಿನ ಕೋಳಿಯೊಂದು ಬಾನೆಟ್ಟಿಗೆ ಇಳಿದು ಮಾವನನ್ನೇ ದಿಟ್ಟಿಸಿತು.

ಸ್ಟೇರಿಂಗ್ ಸಡಲ ಆಗೇತಿ, ನಟ್ಟು ಬಿಗಿ ಇಲ್ಲ ಎಂದು ಮಾವ ಗೊಣಗಿದರು. ಅತ್ತೆ ಕೆಳಗಿಳಿದು ಹೋಗಿ ಮಾವನ ಕಡೆಯ ಬಾಗಿಲು ತೆರೆದರು.

"ಆ ಕಡೆ ಸರೀರಿ."

ಮಾವ ನನ್ನ ಮುಖ ನೋಡಿದರು. ನಾನು ಉಳುಕಿದ ಕೈಯನ್ನು ಎತ್ತಿ ತೋರಿಸಿದೆ. ಅವರು ಎಡಗಡೆಯ ಸೀಟಿಗೆ ಸರಿದರು. ಅತ್ತೆ ಕನ್ನಡಿ ಸರಿಮಾಡಿಕೊಂಡು, ಕಾರನ್ನು ಹಿಂದಕ್ಕೆ ತೆಗೆದು, ಒಂದೇ ಕೈಯಲ್ಲಿ ಹೊರಳಿಸಿ ಬಂಕಾಪುರದ ದಾರಿ ಹಿಡಿದರು. ಬಂಕಾಪುರ ದಾಟುವವರೆಗೂ ಮಾವ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು.

"ಯಾವಾಗ ಕಲ್ತಿ?"

"ನೀವು ಎಲಿ ತಿನ್ನಾಕತ್ತಿದ್ರಲ್ಲ, ಆವಾಗ."

ಹಾನಗಲ್ಲಿನಲ್ಲಿ ಅತ್ತೆ ಕಾರಿನಿಂದ ಇಳಿದಾಗ ತವರಿನ ಹೆಂಗಸರು ಹುಡುಗಿಗೆ ಆರತಿ ಎತ್ತುವುದನ್ನು ಬಿಟ್ಟು ಓಡಿಬಂದರು. ಬೀಗರು ಅರ್ಧ ತಾಸು ಮಣೆಯ ಮೇಲೆ ಸುಮ್ಮನೆ ಕುಳಿತಿರಬೇಕಾಯಿತು.

ಮಾವ ಸೋಲೊಪ್ಪುವ ಆಸಾಮಿ ಅಲ್ಲ. ಮಗನ ಭವಿಷ್ಯವಾಣಿಯಲ್ಲಿ ತಮಗೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡು, ಕಾರಿನೊಳಗೆ ಕಂಪ್ಯೂಟರ್ ಇದೆ, ಓಡಿಸುವುದೆಲ್ಲ ಅದೇ, ಇವಳು ಬರೀ ಕುಳಿತಿರುತ್ತಾಳೆ ಎಂದು ಕಂಡವರಿಗೆಲ್ಲ ಹೇಳತೊಡಗಿದರು. ಹೋದ ತಿಂಗಳು ಚಿಕ್ಕೇರೂರಿನಲ್ಲಿ ನೆಂಟರ ಮನೆಯ ಕಟ್ಟೆಯ ಮೇಲೂ ಇದನ್ನೇ ಹೇಳುತ್ತಿದ್ದಾಗ ಅತ್ತೆ ಬಂದು ಕೀಲಿಯನ್ನು ಅವರ ಅಂಗೈಯಲ್ಲಿಟ್ಟರು. ಹಂಗಾದರೆ ಮನೆವರೆಗೆ ನೀವೇ ಕುಂದರ್ರಿ ಎಂದರು.

ಮಾವ ಕೀಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇವತ್ತು ಮೊಣಕಾಲು ಬಾಳ ನೋಯುತ್ತಿದೆ ಎಂದು ಹೇಳಿ, ಎದ್ದು ಹೋಗಿ ಎಡಗಡೆಯ ಸೀಟಿನಲ್ಲಿ ಕುಳಿತರು.