ಬೇರೆಯವರ ಖಾಸಗಿ ವಿಷಯ

ನಮ್ಮ ಪಂಚಾಯತ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಕೊಡುತ್ತಿದ್ದ ಅಧಿಕಾರಿ ಬಹಳ ಮರ್ಯಾದಸ್ಥರು. ಯಾರಾದರೂ ಕಡತ ಕೇಳಿದರೆ ಅದರ ಮೇಲೆ ಅಂಗೈ ಇಟ್ಟು, ಸ್ವರ ತಗ್ಗಿಸಿ, "ಬೇರೆಯವರ ಖಾಸಗಿ ವಿಷಯ ನಮಗೆ ಎಂತಕ್ಕೆ, ಅಲ್ವಾ?" ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಹೊಸ ಚರಂಡಿ ಕುಸಿದು, ಶಂಕರಪುರ ಮಲ್ಲಿಗೆ ಕಟ್ಟುವ ಹೆಂಗಸೊಬ್ಬರ ಮನೆಗೆ ನೀರು ನುಗ್ಗಿತು. ಗುತ್ತಿಗೆದಾರ ಯಾರೆಂದು ಅವರು ಅರ್ಜಿ ಹಾಕಿದರು. ಉತ್ತರ ಪಡೆಯಲು ಬಂದ ದಿನ ನಾನೂ ಸಾಲಿನಲ್ಲಿದ್ದೆ. ಕಾಗದದಲ್ಲಿ ಗುತ್ತಿಗೆದಾರನ ಹೆಸರಿನ ಮೇಲೆ ಅಧಿಕಾರಿ ಕಪ್ಪು ಸ್ಕೆಚ್ ಪೆನ್ ಎಳೆದಿದ್ದರು.

"ಅವರಿಗೂ ಹೆಂಡತಿ ಮಕ್ಕಳು ಉಂಟು ಅಮ್ಮ. ನಾಳೆ ಯಾರಾದರೂ ಮನೆಗೆ ಹೋಗಿ ಗಲಾಟೆ ಮಾಡಿದರೆ?"

ಆಕೆ ಪಕ್ಕದ ಗೋಡೆ ನೋಡಿದರು. ಅಲ್ಲಿ ಪಿಂಚಣಿದಾರರ ಪಟ್ಟಿ ಅಂಟಿಸಿದ್ದರು. ಹೆಸರು, ಫೋನ್ ನಂಬರ್, ಮುಂದೆ ಪಿಂಚಣಿಯ ಕಾರಣ. ಆಕೆಯ ಹೆಸರಿನ ಮುಂದೆ 'ಗಂಡ ಬಿಟ್ಟವಳು' ಎಂದಿತ್ತು.

ಮೇಜಿನ ಮೇಲಿದ್ದ ಅದೇ ಪೆನ್ ಎತ್ತಿಕೊಂಡು ಆಕೆ ತನ್ನ ಹೆಸರಿನ ಸಾಲಿಗೆ ಕಪ್ಪು ಬಳಿದು ಅಳಿಸತೊಡಗಿದರು.

"ಏಯ್, ಅದು ಸಾರ್ವಜನಿಕ ದಾಖಲೆ ಮಾರಾಯ್ತಿ!" ಅಧಿಕಾರಿ ಕಿರುಚಿದರು. ಅವರ ಸ್ವರ ಅಷ್ಟು ದೊಡ್ಡದೆಂದು ನಮಗೆ ಗೊತ್ತಾದದ್ದು ಆವತ್ತೇ.

ಆಕೆಯ ಕೈ ನಿಲ್ಲಲಿಲ್ಲ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮುಂದೆ ಬಂದು ಹೇಳಿದರು: "ನನ್ನದನ್ನೂ ಅಳಿಸಿಬಿಡು ಮಗಾ. ಮೊಮ್ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ನನ್ನ ಕಾಯಿಲೆ ಗಂಡಿನ ಕಡೆಯವರು ಇಲ್ಲಿ ಓದುವುದು ಬೇಡ."

ಅಜ್ಜಿಯ ಹಿಂದೆ ಮತ್ತೊಬ್ಬರು ನಿಂತರು.

ಸಂಜೆ ಅಧಿಕಾರಿಯೇ ಆ ಪಟ್ಟಿಯನ್ನು ಕಿತ್ತು ತೆಗೆದರು. ಅಷ್ಟರಲ್ಲಿ ಅದರಲ್ಲಿ ಓದಲು ಏನೂ ಉಳಿದಿರಲಿಲ್ಲ.