ನೀರಿನಲ್ಲಿ ಕಂಡ ಮ್ಯುಟೇಶನ್

ಮ್ಯುಟೇಶನ್ ಸಿಗಲಿ ಎಂದು ದೇವರ ಮುಂದೆ ದೀಪ ಹಚ್ಚಿದ ಮನೆ ಇಡೀ ಪುಣೆಯಲ್ಲಿ ನಮ್ಮ ಮಾವಶಿಯದೊಂದೇ ಇರಬೇಕು. ಅವ್ವನ ಈ ತಂಗಿಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಡಿಎನ್‌ಎಯಲ್ಲಿ ಮ್ಯುಟೇಶನ್, ಅಂದರೆ ಒಂದು ನಿರ್ದಿಷ್ಟ ಬದಲಾವಣೆ, ಸಿಕ್ಕರೆ ಅದಕ್ಕೆಂದೇ ಇರುವ ಮಾತ್ರೆ ದಿನಾ ನುಂಗಿದರಾಯಿತು, ಸಿಗದಿದ್ದರೆ ಕೀಮೋ. ಗಡ್ಡೆಯ ಚೂರು ತೆಗೆಯುವುದು ಅಪಾಯವೆಂದು ಡಾಕ್ಟರು ರಕ್ತವನ್ನು ವಿಮಾನ ನಗರದ ಲ್ಯಾಬಿಗೆ ಕಳಿಸಿದರು, ಅಂದರೆ ನಾನು ಸಂಬಳ ತೆಗೆದುಕೊಳ್ಳುವ ಜಾಗಕ್ಕೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಗೌಪ್ಯತೆ ನಮಗೆ ಬಹಳ ಮುಖ್ಯ. ಆ ನಂಬರನ್ನು ಅವಳ ಗಂಡ, ನಮ್ಮ ಕಾಕಾ, ಬೆಳಿಗ್ಗೆಯೇ ಫೋನಿನಲ್ಲಿ ಓದಿ ಹೇಳಿದ್ದರು.

ಗಡ್ಡೆಯ ಡಿಎನ್‌ಎ ಒಂದಿಷ್ಟು ರಕ್ತಕ್ಕೂ ಸೇರುತ್ತದೆ. ರಕ್ತದಲ್ಲಿನ ಡಿಎನ್‌ಎಯನ್ನು ನಾವು ಸಾವಿರಾರು ಸೂಕ್ಷ್ಮ ಹನಿಗಳಲ್ಲಿ ಹಂಚುತ್ತೇವೆ. ಬದಲಾದ ಡಿಎನ್‌ಎ ಇರುವ ಹನಿ ಮಾತ್ರ ಹೊಳೆಯುತ್ತದೆ. ಜೊತೆಗೆ ಬರೀ ಶುದ್ಧ ನೀರನ್ನೂ ಪರೀಕ್ಷೆಗೆ ಇಡುತ್ತೇವೆ. ಅದರಲ್ಲಿ ಏನೂ ಹೊಳೆಯಬಾರದು. ಅಂದು ಮಾವಶಿಯ ರಕ್ತದಲ್ಲಿ ಮೂರು ಹನಿ ಹೊಳೆದವು. ನೀರಿನಲ್ಲೂ ಮೂರು.

“ಪಾಸಿಟಿವ್ ಅಂತ ಕಳಿಸಿಬಿಡಿ,” ಎಂದರು ಬೆಂಗಳೂರಿನಿಂದ ಬಂದ ನಮ್ಮ ಮ್ಯಾನೇಜರ್. “ಪೇಶಂಟ್ ಕಡೆಯವರಿಗೂ ಖುಷಿ ಆಗುತ್ತೆ.”

“ನೀರೂ ಪಾಸಿಟಿವ್ ಅದ ಸರ್. ಅದಕ್ಕೂ ಮಾತ್ರಿ ಬರಸೋಣೇನ್ರಿ?”

ಸರ್ ನಗಲಿಲ್ಲ. ಹುಡುಕಿದಾಗ ಗೊತ್ತಾಯಿತು, ಯಾರೋ ಹಳೆಯ ಪರೀಕ್ಷೆಯ ಟ್ಯೂಬನ್ನು ಸ್ವಚ್ಛ ಕೋಣೆಯಲ್ಲಿ ತೆರೆದಿದ್ದರು. ಅದರಲ್ಲಿದ್ದ ಬದಲಾದ ಡಿಎನ್‌ಎ ಎಲ್ಲದಕ್ಕೂ ಅಂಟಿತ್ತು. ಈ ‘ಯಾರೋ’ ಎಲ್ಲ ಆಫೀಸಿನಲ್ಲೂ ಕೆಲಸ ಮಾಡುತ್ತಾರೆ, ಕರೆದಾಗ ಮಾತ್ರ ರಜೆಯಲ್ಲಿರುತ್ತಾರೆ. ಸಾಕಷ್ಟು ಜಗಳವಾಡಿದ ಮೇಲೆ ಹೊಸ ರಕ್ತ ತರಿಸುವುದೆಂದಾಯಿತು.

ಸಂಜೆ ರಕ್ತ ತೆಗೆಯಲು ಮಾವಶಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ.

“ಮೂರು ಬಂದಿದ್ವಲ್ಲ,” ಎಂದರು ಕಾಕಾ. “ಬರದು ಕೊಟ್ರ ನಿಂದೇನ್ ಹೋಗ್ತದ?”

“ಸುಳ್ಳು ಪಾಸಿಟಿವ್ ಆದ್ರ ಮಾತ್ರಿ ಹತ್ತಂಗಿಲ್ಲ ಕಾಕಾ. ಅಷ್ಟರಾಗ ಗಡ್ಡಿ ಬೆಳೀತದ.”

“ಎದುರಿಗೆ ಯಾರರೆ ಇದ್ರ ಸಾಕು, ನಿನಗ ಡಿಬೇಟ್ ಶುರು.”

ಮಾವಶಿ ಸೆರಗು ಸರಿಸಿ ತೋಳು ಚಾಚಿದಳು. “ರಕ್ತ ನಂದದ. ಇಬ್ಬರೂ ಸುಮ್ಮನಿರ್ರಿ.”

ಎರಡನೆಯ ಸಲ ನೀರು ಶುದ್ಧವಾಗಿ ಬಂತು. ಮಾವಶಿಯ ರಕ್ತದಲ್ಲೂ ಒಂದು ಹನಿಯೂ ಹೊಳೆಯಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲವೆಂದಲ್ಲ, ನಮ್ಮ ಯಂತ್ರಕ್ಕೆ ಸಿಗಲಿಲ್ಲ ಎಂದಷ್ಟೇ ಎಂದು ಡಾಕ್ಟರ ಮುಂದೆ ವಾದಿಸಿದೆ. ಅವರು ಪೂರ್ತಿ ಒಪ್ಪಿದರು. ಒಪ್ಪಿಕೊಂಡೇ, ಇನ್ನು ಕಾಯುವ ಹಾಗಿಲ್ಲವೆಂದು ಕೀಮೋ ಬರೆದರು. ಕಾಕಾ ನನ್ನೊಂದಿಗೆ ಮಾತು ಬಿಟ್ಟರು.

ಮಾವಶಿಯೇ ಫೋನ್ ಮಾಡಿದಳು. “ಸೋಮವಾರ ಕೀಮೋದ ಸಲಾಯಿನ್ ಹಚ್ತಾರಂತ. ಸಂಗಡ ನೀನ ಬಾ. ಇವರು ಬಂದ್ರ ನನಕಿಂತ ಮೊದಲ ಅಳ್ತಾರ.”

ರಜೆ ಹಾಕಿದೆ.