ತಮಾನಿ ಅತ್ತೆ ಕೂಗಿ ಹೇಳಿದ ಮೂರು ಹೆಸರು

ಅಲ್ಜೀರ್ಸ್‌ನ ನಮ್ಮ ಓಣಿಯ ಹೆಂಗಸರು ಹೊರಗೆ ಹೊರಟಾಗ ಮೈತುಂಬ ಹೊದೆಯುವ ಬಿಳಿಯ ಹಾಯಿಕ್‌ಗಳನ್ನು ನೇಯುತ್ತಿದ್ದವಳು ನನ್ನ ಸೋದರತ್ತೆ ತಮಾನಿ. ಯಾರ ಹಾಯಿಕ್ ಯಾವುದೆಂದು ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ನಾವು ನೂಲು ತರಲು ಹೊರಟಾಗ ಫ್ರೆಂಚರ ಪುಸ್ತಕದಂಗಡಿಯ ಗಾಜಿನ ಹಿಂದೆ ಒಂದು ಅಚ್ಚಿನ ಚಿತ್ರ ಕಂಡಿತು. ಹಿಂದಿನ ವರ್ಷ ನಮ್ಮ ಓಣಿಯ ತುದಿಯಲ್ಲಿ ಕೂತು ಗೀಚಿಕೊಂಡು ಹೋಗಿದ್ದ ಪ್ಯಾರಿಸಿನ ಚಿತ್ರಕಾರನ ಕೆಲಸ ಅದು. ಚಿತ್ರದಲ್ಲಿ ಮುಸುಕಿನ ಮೂವರು ಹೆಂಗಸರಿದ್ದರು. ಅತ್ತೆ ಒಳಗೆ ನುಗ್ಗಿದಳು.

"ಕೆಳಗೇನು ಬರ್ದಿದೆ, ಓದು."

ನಮ್ಮ ಮಾತು ಬಲ್ಲ ಅಂಗಡಿಯವನು, "ಹೆಸರಿಲ್ಲದ ನೆರಳುಗಳು ಅಂತ," ಎಂದ.

"ಹೆಸರಿಲ್ವಾ? ಈ ಎಡಭುಜ ಇಳಿಬಿದ್ದೋಳು ಸೂಲಗಿತ್ತಿ ಬಹಿಯಾ. ಅರ್ಧ ಓಣಿ ಹುಟ್ಟಿದ್ದು ಇವಳ ಕೈಯಲ್ಲಿ. ಪಕ್ಕದೋಳು ಅವಳ ತಂಗಿ ಮೂನಿ. ಈ ಮೂರನೆಯೋಳ ಹಾಯಿಕ್ ಅಂಚು ನಾನೇ ನೇಯ್ದಿದ್ದು, ರೊಟ್ಟಿ ಸುಡೋ ಯಮೀನಾಗೆ. ಬರೆದೋನು ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ. ಅವನಿಗೆ ಬಾಯಿರ್ಲಿಲ್ವಾ?"

"ಮುಸುಕು ಹಾಕಿದ್ರೆ ಎಲ್ರೂ ಒಂದೇ ಅಲ್ವೇನಮ್ಮ," ಎಂದು ಅವನು ನಕ್ಕ.

"ನಿಮ್ಮೋರೆಲ್ಲ ಟೋಪಿ ಹಾಕೋರೇ. ಹಾಗಂತ ಎಲ್ರೂ ಒಂದೇನಾ? ಕೆಳಗೆ ಇವರ ಹೆಸರು ಬರಿ!"

ಅವನು ಬರೆಯಲಿಲ್ಲ. ಅತ್ತೆ ಮಧ್ಯಾಹ್ನದವರೆಗೂ ಅಂಗಡಿಯ ಮುಂದೆ ನಿಂತು, ಹಾದುಹೋದ ಹೆಂಗಸರನ್ನೆಲ್ಲ ಕರೆದು ಆ ಮೂವರ ಹೆಸರು ಹೇಳಿದಳು. ಮೊದಲು ನಾಚಿದ ನಾನೂ ಆಮೇಲೆ ದನಿಗೂಡಿಸಿದೆ.

ಮರುದಿನ ಚಿತ್ರ ಅಲ್ಲಿರಲಿಲ್ಲ. ಯಾರೋ ಹಡಗಿನ ಅಧಿಕಾರಿ ಅದನ್ನು ಅದೇ ಅಡಿಬರಹದೊಂದಿಗೆ ಕೊಂಡೊಯ್ದಿದ್ದನಂತೆ. ಅತ್ತೆಯ ಸಿಟ್ಟು ಸಾಯುವವರೆಗೂ ಇಳಿಯಲಿಲ್ಲ. ನನ್ನದು ಇನ್ನೂ ಇಳಿದಿಲ್ಲ.